ತೀರಯಾತ್ರೆ

‘ತೀರ’ ಎಂಬ ಶಬ್ದವೂ ‘ತೀರ್ಥ’ ಎಂಬ ಶಬ್ದವೂ ದಾಟುವುದೆಂಬ ಅರ್ಥವುಳ್ಳ ‘ತೄ’ ಧಾತುವಿನಿಂದಲೇ ಹುಟ್ಟಿದವು. ಕಡಲಿಗೆ ತೀರವಿರುವಂತೆ ಹೊಳೆಗೂ ತೀರವುಂಟು, ಊರ ಮುಂದಿನ ಕೆರೆಗೂ ತೀರವುಂಟು. ಆದರೆ ಈಚೆಗೆ ತೀರವೆಂದೊಡನೆ ನಮ್ಮವರ ಕಣ್ಣಮುಂದೆ ನಿಲ್ಲುವುದು ಕಡಲೊಂದೇ. ವಾರದ ಕೊನೆಯ ಬಿಡುವಿಗೆ ಇನ್ನೊಂದು ದಿನದ ರಜೆ ಕೂಡಿಬಂದರೆ ಸಾಕು, ಕಾರುಗಳು ಘಟ್ಟವಿಳಿದು ಮಲ್ಪೆ, ಮುರುಡೇಶ್ವರ, ಗೋಕರ್ಣಗಳ ಕಡೆಗೆ ಧಾವಿಸುತ್ತವೆ. ಮರವಂತೆಯಲ್ಲಿ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಆ ಸೊಬಗನ್ನು ಕಂಡು ನಾನೂ ಹಿಗ್ಗಿದವನೇ. ಅದನ್ನು ಹಳಿಯುವ ಇಚ್ಛೆ ನನಗಿಲ್ಲ. ಆದರೆ ಅಂಥದೇ ಮೂರು ದಿನಗಳ ರಜೆಯಲ್ಲಿ ನಮ್ಮ ಶಾಲೆಯ ಇಬ್ಬರು ಕಿರಿಯ ಉಪಾಧ್ಯಾಯರು “ಪಂಡಿತರೇ, ಕರಾವಳಿಗೆ ಹೋಗಿಬರೋಣ ಬನ್ನಿ” ಎಂದು ಕರೆದಾಗ, “ಅಷ್ಟು ದೂರವೇಕೆ? ನಮ್ಮ ಸೀಮೆಯ ತೀರವನ್ನೇ ಹಿಡಿದು ಒಂದು ಸುತ್ತು ಬರೋಣ” ಎಂದೆ. ಅವರು ನಕ್ಕರಾದರೂ ಹಿರಿಯನ ಮಾತನ್ನು ತಳ್ಳಿಹಾಕಲಿಲ್ಲ. ಶ್ರೀರಂಗಪಟ್ಟಣದಿಂದ ಹೊರಟು ಪಾಂಡವಪುರ, ಕೃಷ್ಣರಾಜಪೇಟೆಗಳನ್ನು ಬಳಸಿ ನಾಗಮಂಗಲವನ್ನು ಮುಟ್ಟಿದ ಆ ಪ್ರಯಾಣವು ನನ್ನಲ್ಲಿ ಮೂಡಿಸಿದ ವಿಚಾರವೊಂದನ್ನು ಈ ಸಂಚಿಕೆಯ ವಾಚಕರ ಮುಂದಿಡುತ್ತಿದ್ದೇನೆ.

ಮೊದಲ ದಿನ ಶ್ರೀರಂಗಪಟ್ಟಣ. ಕಾವೇರಿಯು ಎರಡು ಕವಲಾಗಿ ತಬ್ಬಿಕೊಂಡಿರುವ ಈ ದ್ವೀಪದಲ್ಲಿ ನೋಡುವುದಕ್ಕೆ ಕೊರತೆಯಿಲ್ಲ. ಶ್ರೀರಂಗನಾಥನ ಆಲಯವುಂಟು, 1799ರ ಮೇ 4ರಂದು ಟಿಪ್ಪು ಸುಲ್ತಾನನು ಮಡಿದ ಕೋಟೆಯುಂಟು, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಟ್ಟಿದ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆಯುಂಟು. ಆದರೆ ನಮ್ಮ ಯಾತ್ರೆ ನೀರಿನಂಚಿನದಾದುದರಿಂದ ರಂಗನತಿಟ್ಟಿಗೆ ನಡೆದೆವು. ಕೊಕ್ಕರೆಗಳು, ಚಮಚದಂಥ ಕೊಕ್ಕಿನ ಹಕ್ಕಿಗಳು, ಬಂಡೆಯ ಮೇಲೆ ಬಿಸಿಲು ಕಾಯಿಸುವ ಮೊಸಳೆಗಳು, ಇವನ್ನು ದೋಣಿಯಲ್ಲಿ ಕುಳಿತು ನೋಡುವವರಿಗೆ ಇದೆಲ್ಲ ಪ್ರಕೃತಿಯ ಕೃಪೆಯೆಂದೇ ತೋರುತ್ತದೆ. ಸಂಗತಿ ಅಷ್ಟೇ ಅಲ್ಲ. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಇಲ್ಲಿ ಹೊಳೆಗೆ ಒಡ್ಡು ಕಟ್ಟಿಸಿದುದರಿಂದ ಈ ತಿಟ್ಟುಗಳು ರೂಪುಗೊಂಡವು. ಪಕ್ಷಿವಿಜ್ಞಾನಿ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನವು ಇದನ್ನು ಪಕ್ಷಿಧಾಮವೆಂದು ಸಾರಿತು. 2022ರಲ್ಲಿ ಇದು ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿ ಜಗತ್ತಿನ ಗಮನಕ್ಕೆ ಬಂದಿತು. ಹೊಳೆ ಉಕ್ಕಿ ಹರಿದ ವರ್ಷಗಳಲ್ಲಿ ತಿಟ್ಟುಗಳ ಮಣ್ಣು ಕೊಚ್ಚಿಹೋಗುವುದರಿಂದ ಮರಳಿನ ಮೂಟೆಗಳನ್ನು ಒಟ್ಟಿ ಅವನ್ನು ಉಳಿಸಿಕೊಳ್ಳಬೇಕಾಗಿದೆ. ರಾಜನೊಬ್ಬನು ರೈತರಿಗಾಗಿ ಕಟ್ಟಿಸಿದುದು ಹಕ್ಕಿಗೆ ಮನೆಯಾಯಿತು. ಆ ಮನೆ ಇಂದಿಗೂ ನಿಂತಿರುವುದು ಮೂಟೆ ಹೊರುವವರ ಬೆನ್ನಿನ ಮೇಲೆ.

ಅದೇ ದಿನ ಸಂಜೆ ಕನ್ನಂಬಾಡಿ ಕಟ್ಟೆಯ ಮುಂದೆ ನಿಂತೆವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1911ರಲ್ಲಿ ಆರಂಭವಾದ ಈ ಕಟ್ಟಡ ಎರಡು ದಶಕಗಳ ದುಡಿಮೆಯನ್ನು ಬೇಡಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಇದರೊಡನೆ ಬೆಸೆದುಕೊಂಡಿದೆ. ಸುಣ್ಣವನ್ನೂ ಇಟ್ಟಿಗೆಯ ಪುಡಿಯನ್ನೂ ಬೆರೆಸಿದ ಸುರ್ಕಿ ಗಾರೆಯಿಂದ ಕಲ್ಲುಗಳನ್ನು ಬಂಧಿಸಿದ ಈ ಕಟ್ಟೆಯಲ್ಲಿ ನೀರು 124.80 ಅಡಿಯವರೆಗೆ ನಿಲ್ಲುತ್ತದೆ. ಮಂಡ್ಯದ ಬಯಲಿನಲ್ಲಿ ಭತ್ತವೂ ಕಬ್ಬೂ ಕಂಗೊಳಿಸುವುದು ಇದರ ನಾಲೆಗಳಿಂದ. ಈಚಿನ ವರ್ಷಗಳಲ್ಲಿ ಇದರ ಹಳೆಯ ಗೇಟುಗಳನ್ನು ತೆಗೆದು ಹೊಸವನ್ನು ಕೂಡಿಸಿದ್ದಾರೆ. ಕಟ್ಟಿದವರ ಹೆಸರನ್ನು ಮಕ್ಕಳೂ ಬಲ್ಲರು. ಗೇಟು ಬದಲಿಸಿದವರ, ಬಿರುಕಿಗೆ ಗಾರೆ ತುಂಬಿದವರ ಹೆಸರನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ.

ಎರಡನೆಯ ದಿನ ಬೆಳಿಗ್ಗೆ ಹಿನ್ನೀರಿನ ದಡದಲ್ಲಿರುವ ಹೊಸ ಕನ್ನಂಬಾಡಿಗೆ ಹೋದೆವು. ಕಟ್ಟೆಗೆ ಹೆಸರು ಕೊಟ್ಟ ಕನ್ನಂಬಾಡಿಯೇ ಆ ನೀರಿನಲ್ಲಿ ಮುಳುಗಿದ ಊರು. ಅದರೊಡನೆ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿಯ ಗುಡಿಯೂ ಮುಳುಗಿತು. ಮಳೆ ಸೋತು ನೀರು ಇಳಿದ ವರ್ಷಗಳಲ್ಲಿ ಆ ಗುಡಿ ಹೊರಗೆ ಕಾಣಿಸಿಕೊಳ್ಳುತ್ತಿತ್ತು. ನೀರು ಏರಿದೊಡನೆ ಮತ್ತೆ ಮರೆಯಾಗುತ್ತಿತ್ತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಅದರ ಕಲ್ಲುಗಳನ್ನು ಬಿಚ್ಚಿ ತಂದು, ದಡದ ಮೇಲೆ ಮತ್ತೆ ಜೋಡಿಸಿ ನಿಲ್ಲಿಸಿದರು. ಪ್ರಾಕಾರದ ಹೊರಗೆ ನಿಂತು ನೋಡಿದರೆ ಕಡಲಿನಂತೆಯೇ ಹರಡಿದ ನೀರು, ತೆರೆ, ಗಾಳಿ. “ಇದು ಮಲ್ಪೆಗಿಂತ ಏನು ಕಡಿಮೆ!” ಎಂದು ಕಿರಿಯ ಉಪಾಧ್ಯಾಯರು ಉದ್ಗರಿಸಿದರು. ನನಗೆ ಆ ನೀರಿನಡಿಯ ಹೊಲಗದ್ದೆಗಳು, ಹಟ್ಟಿಗಳು, ಬಾವಿಕಟ್ಟೆಗಳು ನೆನಪಾದವು. ಕಡಲ ತೀರವನ್ನು ಯಾರೂ ಯಾರಿಗೂ ಬಿಟ್ಟುಕೊಟ್ಟಿಲ್ಲ. ಈ ತೀರವಾದರೋ ಒಂದಷ್ಟು ಜನ ತಮ್ಮ ಊರನ್ನೇ ಬಿಟ್ಟುಕೊಟ್ಟುದರಿಂದ ಆದದ್ದು. ಕೆಳಗಿನ ಬಯಲಿನಲ್ಲಿ ಉಣ್ಣುವ ಒಂದೊಂದು ತುತ್ತಿನಲ್ಲಿಯೂ ಆ ಋಣವಿದೆ.

ಅಲ್ಲಿಂದ ತೊಣ್ಣೂರು. ಎರಡು ಕಲ್ಲುಗುಡ್ಡಗಳ ನಡುವಿನ ಕಂಡಿಗೆ ಏರಿ ಹಾಕಿ ನಿಲ್ಲಿಸಿದ ಈ ಕೆರೆಗೆ ರಾಮಾನುಜಾಚಾರ್ಯರು ತಿರುಮಲಸಾಗರವೆಂದು ಹೆಸರಿಟ್ಟರೆಂದು ಪ್ರತೀತಿ. 1746ರಲ್ಲಿ ಇಲ್ಲಿಗೆ ಬಂದ ದಖನ್ನಿನ ನಾಸಿರ್ ಜಂಗನು ತಿಳಿನೀರಿಗೆ ಮಾರುಹೋಗಿ ಮೋತಿ ತಲಾಬ್, ಎಂದರೆ ಮುತ್ತಿನ ಕೆರೆ, ಎಂದು ಕರೆದನು. 1794ರಲ್ಲಿ ಶತ್ರುಸೈನ್ಯಕ್ಕೆ ನೀರು ದಕ್ಕಬಾರದೆಂದು ಟಿಪ್ಪು ಸುಲ್ತಾನನು ಏರಿಯನ್ನು ಒಡೆಸಿದನೆಂದು ಗ್ಯಾಸೆಟಿಯರು ಹೇಳುತ್ತದೆ. ನಾವು ಹೋದ ದಿನ ಕೆರೆ ತುಂಬಿ ಗುಡ್ಡಗಳ ನೆರಳನ್ನು ಹೊತ್ತು ನಿಂತಿತ್ತು. ಒಡೆದ ಕೆರೆ ಮತ್ತೆ ತುಂಬಿದೆಯೆಂದರೆ ಒಡೆದುದನ್ನು ಮತ್ತೆ ಕಟ್ಟಿದ ಕೈಗಳಿದ್ದುವೆಂದೇ ಅರ್ಥ. ಹೆಸರಿಟ್ಟವರನ್ನೂ ಒಡೆಸಿದವರನ್ನೂ ನಾವು ನೆನೆಯುತ್ತೇವೆ. ಮಣ್ಣು ಹೊತ್ತು ಏರಿಯನ್ನು ಮತ್ತೆ ಎತ್ತಿದವರನ್ನು ನೆನೆಯುವುದಿಲ್ಲ.

ರಾತ್ರಿ ಮೇಲುಕೋಟೆಯಲ್ಲಿ ತಂಗಿದೆವು. ಚೆಲುವನಾರಾಯಣನ ಕ್ಷೇತ್ರವಾದ, ಕವಿ ಪು.ತಿ.ನ. ಅವರು 1905ರಲ್ಲಿ ಹುಟ್ಟಿದ ಈ ಊರು ಬೆಟ್ಟದ ಮೇಲಿನದು. ಹೊಳೆ ಇಲ್ಲಿಗೆ ಹತ್ತಿ ಬರಲಾರದು. ಆದುದರಿಂದಲೇ ಕಲ್ಯಾಣಿಗಳೂ ಕೊಳಗಳೂ ಎಡೆಯೆಡೆಯಲ್ಲಿ ಎದುರಾಗುತ್ತವೆ. ಅವುಗಳಲ್ಲಿ ಅಕ್ಕತಂಗಿಯರ ಕೊಳಗಳೆಂಬ ಜೋಡಿಯೊಂದುಂಟು. ಒಂದರ ನೀರು ಕುಡಿಯಲು ಯೋಗ್ಯ, ಇನ್ನೊಂದರದು ಬಟ್ಟೆ ಒಗೆಯುವುದಕ್ಕಷ್ಟೆ. ಕಟ್ಟಿಸಿದ ಸೋದರಿಯರ ಮನಸ್ಸಿನ ಅಂತರವೇ ನೀರಿಗಿಳಿಯಿತೆಂದು ಊರವರು ಕಥೆ ಹೇಳುತ್ತಾರೆ. ಕಥೆಯ ನಿಜಾನಿಜಗಳನ್ನು ವಿಚಾರಿಸುವುದು ಬೇಡ. ದಾನದ ಹಿಂದಿನ ಭಾವ ದಾನದೊಳಗೇ ಬೆರೆತಿರುತ್ತದೆಂಬುದನ್ನು ನಮ್ಮ ಜನಪದ ಅರಿತಿದ್ದಿತೆಂಬುದಷ್ಟೇ ಇಲ್ಲಿ ಮುಖ್ಯ.

ಮೂರನೆಯ ದಿನ ಕೃಷ್ಣರಾಜಪೇಟೆಯ ಕಡೆಗೆ ಇಳಿದೆವು. ಅಂಬಿಗರಹಳ್ಳಿಯ ಬಳಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕನ್ನಂಬಾಡಿಯ ಹಿನ್ನೀರಿನಲ್ಲಿ ಒಂದಾಗುತ್ತವೆ. ದಡದಿಂದ ದಡಕ್ಕೆ ಜನರನ್ನು ಮುಟ್ಟಿಸುವ ಕಾಯಕದವರ ಹೆಸರನ್ನೇ ಊರೊಂದು ಹೊತ್ತುಕೊಂಡಿರುವುದು ಶರಣರ ನಾಡಿಗೆ ಒಪ್ಪುವ ಮಾತು. ಹೇಮಗಿರಿಯಲ್ಲಿ ಹೇಮಾವತಿಯ ಅಣೆಕಟ್ಟೆಯನ್ನು ಕಂಡೆವು. ಮುಂದೆ ಕಿಕ್ಕೇರಿಯಲ್ಲಿ ಬ್ರಹ್ಮೇಶ್ವರನ ಗುಡಿಯನ್ನು ಕಂಡೆವು. 1171ರಲ್ಲಿ ಅದನ್ನು ಕಟ್ಟಿಸಿದವಳು ಬಮ್ಮವ್ವೆ ನಾಯಕಿತಿಯೆಂಬ ಹೆಂಗಸು. ಕವಿ ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದುದೂ ಇದೇ ಊರಿನಲ್ಲಿ. ಸಮೀಪದ ಗೋವಿಂದನಹಳ್ಳಿಯಲ್ಲಿ ಐದು ಗರ್ಭಗೃಹಗಳನ್ನು ಸಾಲಾಗಿ ನಿಲ್ಲಿಸಿದ ಪಂಚಲಿಂಗೇಶ್ವರನ ದೇಗುಲ ಗದ್ದೆತೋಟಗಳ ನಡುವೆ ಮೌನವಾಗಿ ನಿಂತಿದೆ.

ನಾಗಮಂಗಲದ ಸೀಮೆಗೆ ಬಂದೊಡನೆ ನೆಲದ ಬಣ್ಣ ಬದಲಾಗುತ್ತದೆ. ಭತ್ತದ ಹಸುರು ಹಿಂದುಳಿದು ರಾಗಿಯ ಹೊಲ, ತೆಂಗಿನ ತೋಟ, ಹುರುಳಿಯ ಬಳ್ಳಿ ಎದುರಾಗುತ್ತವೆ. ಇಲ್ಲಿಯ ಬದುಕು ಬಹಳ ಕಾಲದಿಂದ ಮಳೆಯನ್ನೂ ಕೆರೆಯನ್ನೂ ನಂಬಿದುದು. ಸೌಮ್ಯಕೇಶವನ ದರ್ಶನ ಮಾಡಿಕೊಂಡು ಹೊರಟವರು ದಾರಿಯಲ್ಲೊಂದು ಹಳ್ಳಿಯ ಕೆರೆಯ ಏರಿಯ ಮೇಲೆ ಗಾಡಿ ನಿಲ್ಲಿಸಿದೆವು. ಅಂಗಳದ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು; ತೂಬು ಹೂಳಿನಲ್ಲಿ ಹೂತು ಅದರ ಕಲ್ಲುಗಳ ತಲೆ ಮಾತ್ರ ಕಾಣುತ್ತಿತ್ತು. ಕುರಿ ಮೇಯಿಸುತ್ತಿದ್ದ ವೃದ್ಧರೊಬ್ಬರು ಹತ್ತಿರ ಬಂದರು. “ಯಜಮಾನರೇ, ಈ ಕೆರೆ ತುಂಬುತ್ತದೆಯೇ?” ಎಂದು ಕೇಳಿದೆ.

“ನಮ್ಮಪ್ಪ ಇದ್ಕೆ ನೀರಗಂಟಿ ಆಗಿದ್ದೋರು ಮೇಷ್ಟ್ರೇ. ಹೂಳ್ ತಗ್ಯೋ ದಿನ ಊರಿಗೂರೇ ಏರಿ ಮ್ಯಾಲಿರೋದು. ಈಗ ಎಲ್ರಿಗೂ ಬೋರ್ ಅದೆ, ಕೆರೆ ಕಡೆ ಯಾರ್ ನೋಡ್ತಾರೆ? ನಾಲೆ ನೀರ್ ಬರ್ತದೆ ಅಂತವ್ರೆ. ಬಂದ್ರೆ ನಿಲ್ಲಕ್ಕೆ ಜಾಗ ಬ್ಯಾಡ್ವಾ?”

ನೀರಗಂಟಿಯೆಂದರೆ ಯಾರೆಂದು ನಮ್ಮೊಡನಿದ್ದ ಕಿರಿಯರೊಬ್ಬರು ನನ್ನನ್ನು ಕೇಳಿದರು. ತೂಬನ್ನೆತ್ತಿ ಗದ್ದೆಗದ್ದೆಗೂ ಸರದಿಯಂತೆ ನೀರು ಹಂಚುವವನೆಂದು ಹೇಳಿದೆ. ಆದರೆ ಅವರ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿಯಿತು. ತೂಬು, ಕೋಡಿ, ಅಚ್ಚುಕಟ್ಟು, ನೀರಗಂಟಿ, ಇವು ನಿಘಂಟಿನಲ್ಲಿ ಅಳಿಯುವ ಶಬ್ದಗಳಲ್ಲ. ಕೆಲಸ ನಿಂತೊಡನೆ ನಾಲಗೆಯಿಂದ ಅಳಿಯುತ್ತವೆ. ಭಾಷೆಯನ್ನು ಉಳಿಸುವುದು ಪಂಡಿತನೊಬ್ಬನಿಂದಾಗುವ ಕಾರ್ಯವಲ್ಲವೆಂಬುದಕ್ಕೆ ಆ ಹೂತ ತೂಬಿಗಿಂತ ಬೇರೆ ಸಾಕ್ಷಿ ಬೇಡ.

ನಮ್ಮ ಪೂರ್ವಿಕರಿಗೆ ಈ ಸೂಕ್ಷ್ಮ ತಿಳಿದಿತ್ತು. ಕನ್ನಡ ಶಾಸನಗಳಲ್ಲಿ ‘ಕಟ್ಟುಕೊಡಗೆ’, ‘ಬಿತ್ತುವಟ್ಟ’ ಎಂಬ ಶಬ್ದಗಳು ಮೇಲಿಂದ ಮೇಲೆ ಬರುತ್ತವೆ. ಕೆರೆಯನ್ನು ಕಟ್ಟಿದವರಿಗೂ ಅದನ್ನು ಕಾಪಾಡಿಕೊಂಡು ಬರುವವರಿಗೂ ಬಿಟ್ಟುಕೊಟ್ಟ ಭೂಮಿಯ, ಆದಾಯದ ಹೆಸರುಗಳಿವು. ಕೆರೆ ಒಂದು ಸಲ ಕಟ್ಟಿ ಮುಗಿಯುವಂಥದಲ್ಲ, ವರ್ಷವರ್ಷವೂ ಕಟ್ಟಬೇಕಾದುದು ಎಂಬ ತಿಳಿವು ಆ ಶಬ್ದಗಳಲ್ಲಿದೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ ಗುಡಿಗಳನ್ನೆತ್ತಿಸಿದ ಸಿದ್ಧರಾಮೇಶ್ವರರ ದೃಷ್ಟಿಯನ್ನು ಅಲ್ಲಮಪ್ರಭುಗಳು ಒಳಮುಖವಾಗಿ ತಿರುಗಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಕೆರೆ ಕಟ್ಟುವುದು ಹೀನವೆಂದು ಆ ಪ್ರಸಂಗದ ತಾತ್ಪರ್ಯವಲ್ಲ; ಕಟ್ಟಿದೆನೆಂಬ ಅಹಂಭಾವ ಬಿಡಬೇಕೆಂಬುದು ತಾತ್ಪರ್ಯವೆಂದು ನಾನು ತಿಳಿದಿದ್ದೇನೆ. ಕಟ್ಟುವುದರಲ್ಲಿ ಹೆಸರಿನ ಆಸೆಗೆ ಎಡೆಯುಂಟು. ಹೂಳು ತೆಗೆಯುವುದರಲ್ಲಿ, ಮೂಟೆ ಹೊರುವುದರಲ್ಲಿ ಆ ಆಸೆಗೆ ಎಡೆಯೇ ಇಲ್ಲ. ಆದುದರಿಂದ ಕಾಯಕವೂ ದಾಸೋಹವೂ ಒಂದಾಗುವ ಸ್ಥಾನ ಅದೇ.

ಶ್ರೀಮಠದ ಈ ವಿದ್ಯಾಲಯವೂ ಒಂದು ಕೆರೆಯೇ. ಕೊಠಡಿಗಳನ್ನು ಕಟ್ಟಿಸಿದ ದಾನಿಗಳ ಹೆಸರುಗಳು ಗೋಡೆಯ ಕಲ್ಲಿನಲ್ಲಿವೆ, ಇರತಕ್ಕದ್ದೇ. ಆದರೆ ಸೋರುವ ಹಂಚನ್ನು ಬದಲಿಸುವುದು, ಹರಿದ ಪುಸ್ತಕಕ್ಕೆ ರಟ್ಟು ಹಾಕಿಸುವುದು, ಪ್ರಸಾದನಿಲಯದ ಒಲೆ ಆರದಂತೆ ನೋಡುವುದು, ಹಿಂದುಳಿದ ಹುಡುಗನನ್ನು ಸಂಜೆ ಕೂಡಿಸಿಕೊಂಡು ಓದಿಸುವುದು, ಇವಕ್ಕೆ ಕಲ್ಲಿಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಸಂಘದಿಂದ ಸಣ್ಣದೊಂದು ನಿಧಿಯನ್ನು ಕೂಡಿಸಿ ಅದಕ್ಕೆ ಕಟ್ಟುಕೊಡಗೆಯೆಂದೇ ಹೆಸರಿಡಿರಿ. ಹೊಸದೇನನ್ನೂ ಕಟ್ಟದೆ, ಇರುವುದನ್ನು ಕಾಪಾಡುವುದಕ್ಕೆ ಮಾತ್ರ ಅದು ಸಲ್ಲಲಿ. ಕೊಟ್ಟವರ ಹೆಸರು ಎಲ್ಲಿಯೂ ಬರೆಯದಿರಲಿ. ಉಪಾಧ್ಯಾಯ ಬಂಧುಗಳಲ್ಲಿ ಇನ್ನೊಂದು. ವರ್ಷಕ್ಕೊಂದು ದಿನವಾದರೂ ಮಕ್ಕಳನ್ನು ಹತ್ತಿರದ ಕೆರೆಯ ಏರಿಯ ಮೇಲೆ ನಡೆಸಿ, ತೂಬು ಯಾವುದು, ಕೋಡಿ ಯಾವುದು, ನೀರು ಎಲ್ಲಿಂದ ಬಂದು ಯಾರ ಹೊಲಕ್ಕೆ ಹೋಗುತ್ತದೆಂಬುದನ್ನು ಕೈಯೆತ್ತಿ ತೋರಿಸಿರಿ. ಸಾಧ್ಯವಾದರೆ ಜೊತೆಗೆ ಗುದ್ದಲಿಯನ್ನೂ ಬುಟ್ಟಿಯನ್ನೂ ಒಯ್ಯಿರಿ. ಕಡಲ ತೀರವನ್ನು ಅವರು ಮುಂದೆ ತಾವಾಗಿಯೇ ನೋಡಿಕೊಳ್ಳುತ್ತಾರೆ, ಅದು ಕಾದಿರುತ್ತದೆ. ಹೂಳು ತುಂಬಿದ ಕೆರೆ ಕಾಯುವುದಿಲ್ಲ.