ನೂರು ಆಕ್ಟೇನಿನ ಬಾದಾಮಿ ಹಾಲು

ಮೈಸೂರಿನಲ್ಲಿ ಯೆಜ್ಡಿ ಇಟ್ಟುಕೊಂಡವರಿಗೆ ಎರಡು ವಯಸ್ಸು. ಒಂದು ಆಧಾರ್ ಕಾರ್ಡಿನಲ್ಲಿರುವುದು. ಇನ್ನೊಂದು, ಗಾಡಿ ಮೊದಲ ಕಿಕ್ಕಿಗೇ ಎದ್ದ ಬೆಳಿಗ್ಗೆ ಬರುವುದು. ನನ್ನದು ಅಪ್ಪ 1982ರಲ್ಲಿ ಕೊಂಡ ರೋಡ್‌ಕಿಂಗ್. 250 ಸಿಸಿ, 16 ಕುದುರೆಗಳ ಶಕ್ತಿ. ಈಚೆಗೆ ಆ ಹದಿನಾರರಲ್ಲಿ ಏಳೆಂಟು ಕುದುರೆ ಹೇಳದೆ ಕೇಳದೆ ವಿಆರ್‌ಎಸ್ ತೆಗೆದುಕೊಂಡಿವೆಯೇನೋ ಎಂದು ನನಗೆ ಅನುಮಾನ ಹತ್ತಿತ್ತು.

ಅನುಮಾನ ಗಟ್ಟಿಯಾದದ್ದು ಚಾಮುಂಡಿ ಬೆಟ್ಟದ ತಿರುವಿನಲ್ಲಿ. ಚಿಕ್ಕಂದಿನಲ್ಲಿ ಇದೇ ಗಾಡಿ ನಮ್ಮ ಮೂವರನ್ನೂ ಬೆಟ್ಟ ಹತ್ತಿಸುತ್ತಿತ್ತು. ಟ್ಯಾಂಕಿನ ಮೇಲೆ ನಾನು, ಹ್ಯಾಂಡಲ್ ಹಿಡಿದು ಅಪ್ಪ, ಹಿಂದೆ ಒಂದೇ ಪಕ್ಕಕ್ಕೆ ಕಾಲು ಬಿಟ್ಟು ಹಣ್ಣುಕಾಯಿ ಬುಟ್ಟಿಯ ಸಮೇತ ಅಮ್ಮ. ಹಿಂದೆ ಬರುವವರಿಗೆಲ್ಲ ನಮ್ಮ ಹೊಗೆಯೇ ಧೂಪ. ಹೋದ ತಿಂಗಳು ನಾನೊಬ್ಬನೇ ಎರಡನೇ ಗೇರಿನಲ್ಲಿ ಏದುತ್ತಿದ್ದಾಗ 201ನೇ ನಂಬರಿನ ಸಿಟಿ ಬಸ್ಸು ನನ್ನನ್ನು ಹಿಂದೆ ಹಾಕಿ, ಹಳೆಯ ಬಾಕಿಯನ್ನೆಲ್ಲ ನನ್ನ ಮುಖಕ್ಕೆ ಚುಕ್ತಾ ಮಾಡಿ ಹೋಯಿತು.

ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗನ ಹತ್ತಿರ ದುಃಖ ತೋಡಿಕೊಂಡೆ. "ಮಾಮ, ನಿಮ್ಮ ಗಾಡೀಲಿ ಏನೂ ತಪ್ಪಿಲ್ಲ. ಪೆಟ್ರೋಲ್ ಸರಿ ಇಲ್ಲ ಅಷ್ಟೆ. ಹಂಡ್ರೆಡ್ ಆಕ್ಟೇನ್ ಹಾಕಿ, ರಾಕೆಟ್ ಆಗತ್ತೆ" ಅಂದ. ಅವನ ಬೈಕಿಗೆ ಅದನ್ನೇ ತುಂಬಿಸಿಕೊಂಡು ಬಂದಿದ್ದ. ಲೀಟರಿಗೆ ನೂರೈವತ್ತರ ಮೇಲೆ. ಇಂಡಿಯನ್ ಆಯಿಲ್‌ನವರು 2020ರ ಡಿಸೆಂಬರಿನಲ್ಲಿ ಇಂಥ ಪೆಟ್ರೋಲನ್ನು ಬಿಡುಗಡೆ ಮಾಡಿದ ಸುದ್ದಿಯನ್ನು ಓದಿ, ನಮ್ಮಂಥವರಿಗಲ್ಲ ಎಂದು ಪುಟ ತಿರುವಿದ್ದವನು ನಾನು. ಈಗ ಅಳಿಯನ ಟ್ಯಾಂಕಿಗೆ ರಬ್ಬರ್ ಟ್ಯೂಬು ಇಳಿಬಿಟ್ಟು ಬಾಯಲ್ಲಿ ಎಳೆದೆ. ಪೆಟ್ರೋಲು ಟ್ಯೂಬಿಗಿಂತ ಮೊದಲು ನನ್ನ ಗಂಟಲಿಗೇ ಬಂತು. ನೂರು ಆಕ್ಟೇನಿನ ರುಚಿ ಸಾದಾ ಪೆಟ್ರೋಲಿನಂತೆಯೇ ಇರುತ್ತದೆ. ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಎರಡು ಲೀಟರು ಇಳಿಸಿಕೊಂಡು, ವಾಡಿಕೆಯಂತೆ ಟೂಟಿ ಆಯಿಲ್ ಬೆರೆಸಿ, ಮನಸ್ಸಿನಲ್ಲೇ ತಾಯಿಗೆ ಕೈಮುಗಿದು ಬೆಟ್ಟಕ್ಕೆ ಹೊರಟೆ.

ಅದೇ ತಿರುವು, ಅದೇ ಎರಡನೇ ಗೇರು, ಅದೇ ಏದುಸಿರು. ಬಸ್ಸು ಮಾತ್ರ ಬೇರೆ.

ಮಾರನೆಯ ದಿನ ನಮ್ಮ ಮೆಕ್ಯಾನಿಕ್ ಭಾಯ್ ಹತ್ತಿರ ಹೋದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸ ಕಲಿತವರು. 1961ರಿಂದ ಅಲ್ಲಿ ಜಾವಾ ತಯಾರಾಯಿತು, 1973ರಿಂದ ಯೆಜ್ಡಿ. 1996ರಲ್ಲಿ ಬಾಗಿಲು ಬಿತ್ತು. ಕಾರ್ಖಾನೆ ಮುಚ್ಚಿದರೂ ಅವರ ಕಿವಿ ಮುಚ್ಚಿಲ್ಲ. ಗಾಡಿಯ ಸದ್ದು ಕೇಳುತ್ತಾ ನನ್ನ ಪ್ರಯೋಗದ ಕಥೆಯನ್ನೂ ಕೇಳಿಸಿಕೊಂಡು, "ಆಕ್ಟೇನ್ ಅನ್ನೋದು ಪೆಟ್ರೋಲಿನ ತಾಳ್ಮೆ ಸಾರ್" ಅಂದರು.

ಆಮೇಲೆ ನಾನು ಓದಿ ತಿಳಿದುಕೊಂಡದ್ದೂ ಅದನ್ನೇ. ಪಿಸ್ಟನ್ ಮೇಲೇರುತ್ತಾ ಪೆಟ್ರೋಲು ಗಾಳಿಯ ಮಿಶ್ರಣವನ್ನು ಒತ್ತುತ್ತದೆ. ಒತ್ತಿದಷ್ಟೂ ಅದು ಕಾಯುತ್ತದೆ. ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಬೆಂಕಿ ತನ್ನವರೆಗೆ ಬರುವ ತನಕ ತಡೆಯಲಾರದೆ ಮೂಲೆಯ ಮಿಶ್ರಣ ತಾನಾಗಿ ಸಿಡಿದರೆ ಎಂಜಿನ್ ಕಟಕಟ ಅನ್ನುತ್ತದೆ. ಅದೇ ನಾಕಿಂಗ್. ಹಾಗೆ ಸಿಡಿಯದೆ ತಡೆದುಕೊಳ್ಳುವ ಗುಣಕ್ಕೆ ಕೊಡುವ ಅಂಕವೇ ಆಕ್ಟೇನ್: ಐಸೋ ಆಕ್ಟೇನ್ ಎಂಬ ದ್ರವಕ್ಕೆ ನೂರಕ್ಕೆ ನೂರು, ಹೆಪ್ಟೇನಿಗೆ ಸೊನ್ನೆ. ಮಿಶ್ರಣವನ್ನು ಹನ್ನೆರಡು ಹದಿಮೂರು ಪಟ್ಟು ಹಿಂಡುವ ಈಗಿನ ರೇಸಿನ ಜಾತಿಯ ಬೈಕುಗಳಿಗೆ ಆ ತಾಳ್ಮೆ ಬೇಕು. ನನ್ನ ಯೆಜ್ಡಿ ಅಷ್ಟು ಹಿಂಡುವ ಪೈಕಿಯಲ್ಲ. ಬೈಯುವ ಅತ್ತೆಯೇ ಇಲ್ಲದ ಮನೆಗೆ ಭೂಮಿತೂಕದ ಸೊಸೆ ಬಂದಂತಾಯಿತು.

ಅಪ್ಪನ ಕಾಲದ ಸಾದಾ ಪೆಟ್ರೋಲಿನ ಅಂಕ 87. ಅದೂ ಸೀಸ ಬೆರೆಸಿ ಬಂದದ್ದು. ದೇಶದಲ್ಲಿ ಸೀಸ ಪೂರ್ತಿ ನಿಂತದ್ದು 2000ದಲ್ಲಿ. ಆ 87ರಲ್ಲೇ ಮೂವರೂ ಬುಟ್ಟಿಯೂ ಬೆಟ್ಟದ ಮೇಲಿದ್ದೆವು. ಈಗ ಶೇಕಡ 20 ಎಥನಾಲ್ ಬೆರೆತ ಮಾಮೂಲಿ ಪೆಟ್ರೋಲಿಗೇ 95. ಎಥನಾಲಿಗೆ ತಾಳ್ಮೆ ಬಹಳ, ಕಸುವು ಮಾತ್ರ ಪೆಟ್ರೋಲಿಗಿಂತ ಮೂರರಲ್ಲೊಂದು ಪಾಲು ಕಡಿಮೆ. ಅಂತೂ ಅಂಕ ಏರುತ್ತಲೇ ಬಂತು, ಗಾಡಿ ಇಳಿಯುತ್ತಲೇ ಬಂತು. ನಮ್ಮ ಮಕ್ಕಳ ಮಾರ್ಕ್ಸ್ ಕಾರ್ಡೂ ಜ್ಞಾನವೂ ಇದ್ದ ಹಾಗೆ.

"ಹಾಗಾದ್ರೆ ಕಾಯಿಲೆ ಏನು ಭಾಯ್?"

ಅವರು ಸೈಲೆನ್ಸರಿನ ಒಳಗಿನ ಕೊಳವೆಯನ್ನು ಎಳೆದರು. ಕರಿಬಡಿದು, ತೂತೆಲ್ಲ ಮುಚ್ಚಿಹೋಗಿತ್ತು. ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜೊತೆ ಎಣ್ಣೆಯೂ ಉರಿಯಬೇಕು. ಲೀಟರಿಗೆ 40 ಎಂಎಲ್ ಸಾಕು ಎಂದು ಅಪ್ಪ ಅಳೆದು ಹಾಕುತ್ತಿದ್ದರು. ನಾನು, ವಯಸ್ಸಾದ ಗಾಡಿ, ಇರಲಿ ಅಂತ ಇನ್ನೊಂದಿಷ್ಟು ಸುರಿಯುತ್ತಿದ್ದೆ. ಆ ಪ್ರೀತಿಯೆಲ್ಲ ಮಸಿಯಾಗಿ ಹೊಗೆಯ ದಾರಿಯಲ್ಲಿ ಕೂತಿತ್ತು. "ಹೊಟ್ಟೆ ಕಟ್ಟಿದವನಿಗೆ ಬಾದಾಮಿ ಹಾಲು ಕುಡಿಸಿದ್ದೀರಿ ಸಾರ್" ಅಂದರು ಭಾಯ್.

ಹಳೆಯ ದಿನಪತ್ರಿಕೆ ಹರವಿ, ಸ್ಕ್ರೂಡ್ರೈವರಿನಲ್ಲಿ ಕೆರೆಯತೊಡಗಿದರು. ಮೇಲಿನ ಪದರ ಎಣ್ಣೆಣ್ಣೆಯಾಗಿ ಮೆತ್ತಗಿತ್ತು. ಅಡಿಯದು ಕಲ್ಲಿನ ಹಾಗೆ. ಚೂರು ಚೂರಾಗಿ ಸಿಡಿಯುತ್ತಿತ್ತು. ಒಂದು ಚೂರನ್ನು ನನ್ನ ಅಂಗೈಗೆ ಹಾಕಿ, "ಇದು ನಿಮ್ಮದಲ್ಲ, ನಿಮ್ಮ ತಂದೆಯವರ ಕಾಲದ್ದು" ಅಂದರು. ತಮಾಷೆಗೆ ಅಂದರೋ ಏನೋ, ನಾನು ಆ ಕಾಗದವನ್ನು ಬಿಸಾಡದೆ ಮಡಿಸಿ ಜೇಬಿಗಿಟ್ಟುಕೊಂಡೆ.

ಸಂಜೆ ಸಾದಾ ಪೆಟ್ರೋಲು ಹಾಕಿಸಿ ಬೆಟ್ಟಕ್ಕೆ ಬಿಟ್ಟೆ. ತಿರುವಿನಲ್ಲಿ ಗಾಡಿ ಗುಂಯ್ ಎಂದು ಮೂರನೇ ಗೇರಿನಲ್ಲೇ ಏರಿತು. ಬಸ್ಸೊಂದೂ ಸಿಗಲಿಲ್ಲ, ಅದೊಂದೇ ಬೇಜಾರು. ಟ್ಯಾಂಕಿನ ಮೇಲೂ ಜಾಗ ಖಾಲಿ, ಹಿಂದೆಯೂ ಖಾಲಿ.

ಮನೆಯಲ್ಲಿ ಹೆಂಡತಿ ಪೊಟ್ಟಣ ಬಿಚ್ಚಿ ನೋಡಿದಳು. "ಇದೇನ್ರೀ, ಇದ್ದಿಲ ಹಲ್ಲುಪುಡೀನಾ?"

"ಅಪ್ಪ ಬಿಟ್ಟುಹೋದ ಆಸ್ತಿ."

"ಸರಿ, ಬಿಳೀ ಅಂಗಿಗೆ ಅಂಟಿಸ್ಕೋಬೇಡಿ."

ಜೇಬು ನೋಡಿಕೊಂಡೆ. ಆಗಲೇ ಅಂಟಿತ್ತು.