ಉಂಬಳಕ್ಕೆ ಯಾರು ಹೊಣೆ?

ಅತಿಥಿಯೆಂದರೆ ತಿಥಿಯನ್ನು ನೋಡದೆ ಬರುವವನು ಎಂದು ಪಂಡಿತರು ಅರ್ಥ ಹೇಳುತ್ತಾರೆ. ನಮ್ಮ ಮನೆಗೆ ಬರುವ ಅತಿಥಿಗಳಾದರೋ ತಿಥಿ, ವಾರ, ತಲುಪುವ ಗಂಟೆ ಎಲ್ಲವನ್ನೂ ಎರಡು ತಿಂಗಳು ಮೊದಲೇ ಗೊತ್ತುಮಾಡಿ, ಮುಂಗಡ ಹಣವನ್ನೂ ಕಳುಹಿಸಿ, ಅನಂತರ ಬರುತ್ತಾರೆ. ಇಂಥವರನ್ನು ಏನೆಂದು ಕರೆಯಬೇಕೆಂಬುದು ನಮ್ಮ ಮಾವನವರಿಗೆ ಇಂದಿಗೂ ಬಗೆಹರಿಯದ ಪ್ರಶ್ನೆ. ಗಿರಾಕಿಗಳೆನ್ನಲು ಅವರಿಗೆ ನಾಲಗೆ ಏಳದು. ನೆಂಟರೆನ್ನೋಣವೆಂದರೆ ನೆಂಟರಿಂದ ಹಣ ಪಡೆದ ಪಾಪ ಸುತ್ತಿಕೊಳ್ಳುತ್ತದೆ. ಆದುದರಿಂದ ಅವರು 'ಬಂದವರು' ಎಂದಷ್ಟೇ ಹೇಳುತ್ತಾರೆ. ಬಂದವರು ಹೊರಡುವ ಹೊತ್ತಿಗೆ, ಅಂದರೆ ಲೆಕ್ಕ ಚುಕ್ತಾ ಆಗುವ ಹೊತ್ತಿಗೆ, ಮಾವನವರಿಗೆ ತೋಟದ ಕೊನೆಯ ಬೇಲಿಯ ಬಳಿ ಏನಾದರೊಂದು ಕೆಲಸ ತಪ್ಪದೆ ಒದಗಿಬರುತ್ತದೆ.

ನಮ್ಮದು ಮೂಡಿಗೆರೆಯ ಕಡೆ ಒಂದು ಸಾಧಾರಣ ಕಾಫಿ ತೋಟ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಪದ್ಧತಿ ಮುರಿದುಬಿದ್ದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ಅದು ತಮ್ಮ ಮನೆಯ ಜಗುಲಿಗೆ ಬಂದು ಕುಳಿತುಕೊಳ್ಳುತ್ತದೆಂದು ಮಾವನವರು ಎಣಿಸಿರಲಿಲ್ಲವಂತೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಲೆ ಪಾತಾಳಕ್ಕಿಳಿದು, ಕೊಯ್ಲಿನ ಕೂಲಿ ಕೊಟ್ಟರೆ ಗೊಬ್ಬರಕ್ಕಿಲ್ಲ, ಗೊಬ್ಬರ ಹಾಕಿದರೆ ಕೂಲಿಗಿಲ್ಲ ಎಂಬಂತಾದಾಗ, ಮಲೆನಾಡಿನ ಅನೇಕ ಮನೆಗಳಂತೆ ನಮ್ಮ ಮನೆಯೂ 2005ರಲ್ಲಿ ಮೂರು ಕೋಣೆಗಳನ್ನು ತೆರವು ಮಾಡಿ 'ಹೋಂಸ್ಟೇ' ಎಂಬ ಬೋರ್ಡು ತಗುಲಿಸಿತು. 2015ರಲ್ಲಿ, ಕಾಫಿ ಒಣಗಿಸುವ ಕಣದಾಚೆ, ಸಿಲ್ವರ್ ಮರಗಳ ಕೆಳಗೆ ಆರು ಡೇರೆಗಳೂ ಎದ್ದುವು. 2024ರಲ್ಲಿ ಕಾಫಿ ಬೆಲೆ ಏರಿ ನಾವು ಸ್ವಲ್ಪ ಉಸಿರಾಡಿದುದು ನಿಜ. ಆದರೆ ಬೆಲೆಯ ಮಾತನ್ನು ನಂಬಿ ಡೇರೆ ಬಿಚ್ಚುವಷ್ಟು ಧೈರ್ಯ ಕಾಫಿ ಬೆಳೆದ ಯಾರಿಗೂ ಇರಲಾರದು.

ಮಳೆ, ಬೆಳೆಗಳಂತೆ ದೂರುಗಳಿಗೂ ಋತುಮಾನವುಂಟೆಂಬುದನ್ನು ನಾನು ಈ ವೃತ್ತಿಯಲ್ಲಿ ಕಲಿತೆ. ಮಾರ್ಚಿ, ಏಪ್ರಿಲ್ ಬಂತೆಂದರೆ ಜೀರುಂಡೆಯ ದೂರು. ಬೆಂಗಳೂರಿನಿಂದ ಬಂದ ಒಬ್ಬ ಸಜ್ಜನರು ಸಂಜೆ ಕಣಕ್ಕೆ ಬಂದು, "ಆ ಮೋಟಾರನ್ನು ಎಷ್ಟು ಹೊತ್ತಿಗೆ ನಿಲ್ಲಿಸುತ್ತೀರಿ?" ಎಂದು ಕೇಳಿದರು. ಅದು ಮೋಟಾರಲ್ಲ, ಹುಳು. ಅದರಲ್ಲಿಯೂ ಹೀಗೆ ಕೂಗುವುದು ಗಂಡು ಮಾತ್ರ, ಹೆಣ್ಣನ್ನು ಕರೆಯುವುದಕ್ಕಾಗಿ ಎಂದು ತಿಳಿಸಿದೆ. ಅವರ ಪತ್ನಿಗೆ ಈ ವಿಷಯದಿಂದ ಬಹಳ ಸಂತೋಷವಾದಂತೆ ಕಂಡಿತು. ಜೂನ್ ಕಳೆದರೆ ಉಂಬಳದ ದೂರು. ಉಂಬಳದ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಪದಾರ್ಥವೊಂದಿದೆ. ಆದುದರಿಂದ ಅದು ತೃಪ್ತಿಯಾಗಿ ಉದುರಿಹೋದ ಮೇಲೂ ಗಾಯ ಒಸರುತ್ತಲೇ ಇರುತ್ತದೆ. ಬಿಳಿಯ ಕಾಲುಚೀಲದ ಮೇಲೆ ಆ ಕೆಂಪನ್ನು ಕಂಡ ತರುಣನೊಬ್ಬ ಬಾಡಿಗೆಯಲ್ಲಿ ಕಾಲುಭಾಗ ವಜಾ ಮಾಡಬೇಕೆಂದು ಹಟ ಹಿಡಿದ. ಉಂಬಳಕ್ಕೆ ಯಾರು ಹೊಣೆ? ನಾವು ಸಾಕಿದುದಲ್ಲ, ತೋಟವೋ ನಮ್ಮದು. ನಮ್ಮ ಅತ್ತೆಯವರು ಉಪ್ಪು, ಸುಣ್ಣಗಳನ್ನು ತಂದು ಅವನ ಮುಂದಿಟ್ಟು, "ನಿನ್ನದೊಂದು ತೊಟ್ಟು ಕುಡಿದು ಹೋಗಿದೆ, ಅದಕ್ಕೆ ಬದಲು ಎರಡು ಲೋಟ ಕಾಫಿ ಕುಡಿ ಮಗು" ಎಂದರು. ಕಾಲುಭಾಗದ ಮಾತು ಅಲ್ಲಿಗೆ ನಿಂತಿತು.

ಹೀಗೆ ನಕ್ಕು ತೇಲಿಸಬಹುದಾದ ದೂರುಗಳಿರುವಂತೆ, ನಗಬಾರದ ದೂರುಗಳೂ ಇವೆ. ಡೇರೆಯಲ್ಲಿ ಮಲಗಿದವರು ಬೆಳಗ್ಗೆ ಎದ್ದು, "ಡೇರೆ ಸೋರುತ್ತದೆ, ಹೊದಿಕೆ ಒದ್ದೆಯಾಗಿದೆ" ಎನ್ನುತ್ತಾರೆ. ರಾತ್ರಿ ಒಂದು ಹನಿ ಮಳೆ ಬಿದ್ದಿರುವುದಿಲ್ಲ. ಇದನ್ನು ಸುಳ್ಳೆಂದು ತಳ್ಳಿಹಾಕಿದರೆ ಕೆಟ್ಟೆವು. ಚಳಿಗೆ ಹೆದರಿ ಅವರು ಗಾಳಿಗಂಡಿಗಳನ್ನೆಲ್ಲ ಭದ್ರವಾಗಿ ಮುಚ್ಚಿಕೊಂಡಿರುತ್ತಾರೆ. ಇಬ್ಬರು ರಾತ್ರಿಯೆಲ್ಲ ಬಿಟ್ಟ ಉಸಿರಿನ ತೇವ ಹೊರಕ್ಕೆ ಹೋಗಲು ದಾರಿಯಿಲ್ಲದೆ, ತಣ್ಣಗಾದ ಬಟ್ಟೆಯ ಒಳಮೈಗೆ ತಾಗಿ, ಹನಿಗಟ್ಟಿ, ಅವರ ಮೇಲೆಯೇ ಉದುರುತ್ತದೆ. ಕಾರಣ ಅವರ ಉಸಿರೇ ಆದರೂ ನೆನೆದ ಹೊದಿಕೆ ನೆನೆದ ಹೊದಿಕೆಯೇ. ಆದುದರಿಂದ ಸಂಜೆ ನಾನೇ ಹೋಗಿ, ಮೇಲಿನ ಗಂಡಿಗಳನ್ನು ಎರಡು ಬೆರಳಿನಷ್ಟು ತೆರೆದು ಕಟ್ಟಿ, ಏಕೆಂದು ತಿಳಿಸಿ, ಇನ್ನೊಂದು ಕಂಬಳಿ ಕೊಟ್ಟು ಬರುತ್ತೇನೆ. ಬಚ್ಚಲ ನೀರಿನ ದೂರೂ ಇಂಥದೇ. ಒಂದು ಹಂಡೆ, ಹದಿನೆಂಟು ಜನ, ಎಲ್ಲರಿಗೂ ಒಂಬತ್ತು ಗಂಟೆಗೇ ಸ್ನಾನ! ಇದಕ್ಕೆ ಸಮಾಧಾನದ ಮಾತು ಸಾಲದು. ಇನ್ನೊಂದು ಹಂಡೆಯೇ ಬೇಕು. ಹಾಕಿಸಿದೆವು.

ದೂರು ಬಂದಾಗ ಮೊದಲು ಹೋಗಿ ಕಣ್ಣಾರೆ ನೋಡಬೇಕು, ಆಮೇಲೆ ಮಾತನಾಡಬೇಕು ಎಂಬುದು ಅತ್ತೆಯವರ ಕಟ್ಟಳೆ. "ಇದುವರೆಗೆ ಯಾರೂ ಹೀಗೆ ಹೇಳಿರಲಿಲ್ಲ" ಎಂಬ ವಾಕ್ಯವನ್ನಂತೂ ನಮ್ಮ ಮನೆಯಲ್ಲಿ ಯಾರೂ ಆಡಕೂಡದು. ಆ ವಾಕ್ಯಕ್ಕೆ, ಲೋಕದಲ್ಲಿ ನೀನೊಬ್ಬನೇ ಕುಚೋದ್ಯಗಾರ ಎಂಬುದಲ್ಲದೆ ಬೇರೆ ಅರ್ಥವಿಲ್ಲ. ಸಾತ್ವಿಕನಾದವನೂ ಅದನ್ನು ಕೇಳಿದರೆ ಕೆರಳುತ್ತಾನೆ.

ಆದರೂ ಹೋಟೆಲಿನವರಿಗಿಲ್ಲದ ಒಂದು ಕಷ್ಟ ನಮಗುಂಟು. ಹೋಟೆಲಿನಲ್ಲಿ ಸಾರು ಚೆನ್ನಾಗಿಲ್ಲವೆಂದರೆ ಆ ಮಾತು ಗಲ್ಲಾಪೆಟ್ಟಿಗೆಯ ಬಳಿ ನಿಲ್ಲುತ್ತದೆ. ನಮ್ಮಲ್ಲಿ ಅದು ನೇರವಾಗಿ ಒಲೆಯ ಮುಂದಕ್ಕೆ ಹೋಗುತ್ತದೆ. ಅಲ್ಲಿ ಐವತ್ತು ವರ್ಷ ಅಡಿಗೆ ಮಾಡಿದ ಒಬ್ಬ ಮುದುಕಿ ಕುಳಿತಿರುತ್ತಾರೆ. ಒಮ್ಮೆ ಯಾರೋ ಕಳಲೆಯ ಪಲ್ಯವನ್ನು ವಾಸನೆಯೆಂದು ತಟ್ಟೆಯಿಂದ ಪಕ್ಕಕ್ಕೆ ಸರಿಸಿದರು. ಮೂರು ದಿನ ನೀರು ಬದಲಾಯಿಸಿ ನೆನೆಹಾಕಿದ ಕಳಲೆ. ಅತ್ತೆಯವರು ಏನೂ ಹೇಳಲಿಲ್ಲ. ಅಂದು ರಾತ್ರಿ ತಾವು ಬಡಿಸಿಕೊಳ್ಳುವಾಗ ಪಲ್ಯವನ್ನು ಎರಡು ಸಲ ಮೂಸಿ ನೋಡಿದುದನ್ನು ನಾನು ಕಂಡೆ.

ಈಗ ನಕ್ಷತ್ರಗಳ ಕಾಲ. ಹಿಂದೆ ದೂರು ಹೇಳುವವನು ಎದುರಿಗೆ ನಿಂತು ಹೇಳುತ್ತಿದ್ದ, ನಾವು ಎದುರಿಗೆ ನಿಂತು ಕೇಳುತ್ತಿದ್ದೆವು. ಈಗ ನಗುನಗುತ್ತ ಕೈಮುಗಿದು ಹೊರಟವರು ಚಾರ್ಮಾಡಿ ಘಾಟಿ ಇಳಿಯುವಷ್ಟರಲ್ಲಿ ಫೋನಿನಲ್ಲಿ ಬರೆದುಬಿಡುತ್ತಾರೆ. ಐದು ನಕ್ಷತ್ರ ಬಂದರೆ ಒಳ್ಳೆಯ ಮನೆತನ, ಒಂದು ಬಂದರೆ ಅಹಂಕಾರಿಗಳು. ಮುಂದಿನ ತಿಂಗಳು ಬರುವವರು ನಮ್ಮ ಮುಖವನ್ನು ನೋಡುವುದಿಲ್ಲ, ನಕ್ಷತ್ರವನ್ನು ಎಣಿಸುತ್ತಾರೆ. ಇದನ್ನು ತಿಳಿದು, "ಊಟದ ಲೆಕ್ಕ ಬಿಟ್ಟುಬಿಡಿ, ಐದು ಹಾಕುತ್ತೇವೆ" ಎನ್ನುವ ಧೀರರೂ ಇದ್ದಾರೆ.

2023ರ ಏಪ್ರಿಲ್ ಮೊದಲ ವಾರದಲ್ಲಿ ಹನ್ನೆರಡು ಮಂದಿ ತರುಣರು ಎರಡು ರಾತ್ರಿಗೆಂದು ಆರು ಡೇರೆಗಳನ್ನೂ ಹಿಡಿದರು. ಒಣಗಿದ ತರಗು ಕಾಲು ಮುಳುಗುವಷ್ಟು ಬಿದ್ದಿದ್ದ ಕಾಲ. ಬೆಂಕಿ ಹಾಕಿಕೊಡುವುದಿಲ್ಲವೆಂದಾಗ ಮೊದಲು ಮುಖ ಸಣ್ಣದು ಮಾಡಿದರು, ಆಮೇಲೆ ಒಪ್ಪಿದರು. ಊಟವಾದ ಮೇಲೆ ತಾವು ತಂದಿದ್ದ ಪೆಟ್ಟಿಗೆಯಿಂದ ಸಂಗೀತ ಹಚ್ಚಿದರು. ಅದು ಕಿವಿಗಿಂತ ಮೊದಲು ಎದೆಗೆ ತಾಗುವ ಬಗೆಯದು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ; ಮುಂಗಡ ಪಡೆಯುವಾಗ ನಾವೂ ಹೇಳಿರುತ್ತೇವೆ.

ಹತ್ತಕ್ಕೆ ಹೊರಡೋಣವೆಂದು ಬಚ್ಚಲ ಕಡೆಯಿಂದ ಬಂದೆ. ಹಂಡೆಯ ಒಲೆಯ ಪಕ್ಕದಲ್ಲಿ ಒಂದು ಹುಡುಗಿ ಕಿವಿಗೆ ಅರಳೆ ತುರುಕಿಕೊಂಡು, ಮೊಣಕಾಲ ಮೇಲೆ ಗಣಿತದ ಪುಸ್ತಕವನ್ನಿಟ್ಟುಕೊಂಡು ಕುಳಿತಿದ್ದಳು. ಡೇರೆಗಳ ಹಿಂಬದಿಗೇ ನಮ್ಮ ಕೆಲಸದವರ ಲೈನು ಮನೆಗಳು. ಅವಳು ಎಸ್.ಎಸ್.ಎಲ್.ಸಿ.; ಪರೀಕ್ಷೆಗಳು ನಡೆಯುತ್ತಿದ್ದುವು. ನಮ್ಮ ಅಡಿಗೆಮನೆಯಲ್ಲಿ ಕೈನೆರವಾಗುವ ಅವಳ ತಾಯಿ ನನ್ನನ್ನು ಕಂಡು ಗಾಬರಿಯಿಂದ ಎದ್ದು ನಿಂತಳು. "ಅಲ್ಲಿ ಕೂತ್ರೆ ತಲೆಗೆ ಹತ್ತಲ್ಲ ಅಂತಾಳೆ ಅಮ್ಮಾ. ಇರ್ಲಿ ಬಿಡಿ, ಅವ್ರು ದುಡ್ಡು ಕೊಟ್ಟು ಬಂದೋರು" ಎಂದಳು. ದೂರು ಹೇಳಿದ ಉಸಿರಿನಲ್ಲಿಯೇ ಅದನ್ನು ಹಿಂದಕ್ಕೆ ತೆಗೆದುಕೊಂಡವರನ್ನು ಇಷ್ಟು ವರ್ಷಗಳಲ್ಲಿ ನಾನು ಬೇರೆ ಕಂಡಿಲ್ಲ.

ನಾನು ಹೋಗಿ ನಿಲ್ಲಿಸಿ ಎಂದೆ. ಅರ್ಧ ಗಂಟೆ ಎಂದರು. ಮತ್ತೆ ಹೇಳಿದೆ. ಅವರ ಮುಖಂಡನು, "ನಾವು ದುಡ್ಡು ಕೊಟ್ಟಿಲ್ಲವೇ ಮೇಡಂ?" ಎಂದ. ಎರಡು ನಿಮಿಷಗಳ ಹಿಂದೆ ಕೇಳಿದ್ದ ಮಾತೇ. ಆದರೆ ಎಷ್ಟು ಬೇರೆಯ ಬಾಯಿ! ನಾಳೆಯ ರಾತ್ರಿಯ ಹಣವನ್ನು ಹಿಂದಕ್ಕೆ ಕೊಡುತ್ತೇನೆ, ಈಗ ನಿಲ್ಲಿಸಿ ಎಂದೆ. ನಿಂತಿತು. ಆ ಹಣ 18,000 ರೂಪಾಯಿ. ವಾರದ ಬಟವಾಡೆಗೆಂದು ನಮ್ಮ ಯಜಮಾನರು ಎಣಿಸಿಟ್ಟಿದ್ದುದನ್ನೇ ತೆಗೆದು ಬೆಳಗ್ಗೆ ಅವರ ಕೈಗೆ ಕೊಡಬೇಕಾಯಿತು. ಯಜಮಾನರು ನನ್ನ ಕಡೆ ನೋಡಿದರು. ನಾನು ಕಣದ ಕಡೆ ನೋಡಿದೆ.

ಸೋಮವಾರದ ಹೊತ್ತಿಗೆ ಹನ್ನೆರಡರಲ್ಲಿ ಏಳು ಮಂದಿ ಒಂದೊಂದು ನಕ್ಷತ್ರ ಹಾಕಿದ್ದರು. ಒಬ್ಬನು ಮಾತ್ರ, ಕಡುಬು ಬಹಳ ಚೆನ್ನಾಗಿತ್ತು, ಮನೆಯೊಡತಿ ಸರ್ವಾಧಿಕಾರಿ ಎಂದು ಬರೆದಿದ್ದ. ಮೇ ತಿಂಗಳ ರಜೆಯಲ್ಲಿ, ಎಂದೂ ಇಲ್ಲದಂತೆ, ಎರಡು ಶನಿವಾರ ಡೇರೆಗಳು ಖಾಲಿ ಬಿದ್ದುವು.

ಉತ್ತರ ಬರೆಯುವ ಪ್ರಶ್ನೆ ಬಂತು. ಪರೀಕ್ಷೆಗೆ ಓದುವ ಹುಡುಗಿಯ ಸಂಗತಿಯನ್ನು ಬರೆದುಬಿಡೋಣ, ಓದಿದವರೆಲ್ಲ ನಮ್ಮ ಪಕ್ಷ ವಹಿಸುತ್ತಾರೆ ಎಂದು ಯಜಮಾನರು ಹೇಳಿದರು. ಅವರ ಮಾತಿನಲ್ಲಿ ಲೆಕ್ಕವೂ ಇತ್ತು, ಸತ್ಯವೂ ಇತ್ತು. ಅತ್ತೆಯವರು ಒಪ್ಪಲಿಲ್ಲ. "ಅವಳ ಓದು ಅವಳದು. ನಮ್ಮ ಅಂಗಡಿಯ ಮುಂದೆ ಅದನ್ನೇಕೆ ತೂಗುಹಾಕಬೇಕು?" ಎಂದರು. ಮಾವನವರು 'ಮಹಾಶಯರೇ' ಎಂದು ತೊಡಗುವ, ಎರಡು ಪುಟಗಳ ಒಂದು ಕರಡನ್ನು ಹೇಳಿ ಬರೆಸಿದರು. ಅದರಲ್ಲಿ ನಮ್ಮ ಮನೆಯ ಮೂರು ತಲೆಮಾರಿನ ವೃತ್ತಾಂತವಿತ್ತು. ಕಡೆಗೆ ನಾನು ಕಳುಹಿಸಿದುದು ಇಷ್ಟು: ಹತ್ತು ಗಂಟೆಯ ನಿಯಮವನ್ನು ಮೊದಲೇ ತಿಳಿಸಿದ್ದೆವು, ಉಳಿಯದ ರಾತ್ರಿಯ ಹಣವನ್ನು ಹಿಂದಿರುಗಿಸಿದ್ದೇವೆ, ಕಡುಬನ್ನು ಮೆಚ್ಚಿದುದಕ್ಕೆ ವಂದನೆಗಳು.

ಹುಡುಗಿಗೆ ಗಣಿತದಲ್ಲಿ ಬಂದುದು 52 ಅಂಕ. ಅಂಕವೊಂದಕ್ಕೆ ನಮಗೆಷ್ಟು ರೂಪಾಯಿ ಬಿತ್ತೆಂದು ಮಾವನವರು ಲೆಕ್ಕ ಹಾಕಿ, ಅವಳು ಬಂದಾಗಲೆಲ್ಲ ತಮಾಷೆ ಮಾಡುತ್ತಾರೆ. ಹತ್ತು ಗಂಟೆಯ ನಿಯಮವನ್ನು ಈಗ ದೊಡ್ಡ ಅಕ್ಷರಗಳಲ್ಲಿ ಬರೆಸಿ ಕಣದ ಬಳಿ ನಿಲ್ಲಿಸಿದ್ದೇವೆ. ಕೆಲವರು ಅದನ್ನು ಫೋನಿನಲ್ಲಿ ಕೇಳಿಯೇ ಬೇಡವೆನ್ನುತ್ತಾರೆ. ಮಕ್ಕಳಿರುವ ಸಂಸಾರಗಳು ಅದನ್ನು ಕೇಳಿಯೇ ಬರುತ್ತವೆ. ಎರಡೂ ಕೂಡಿ ಕಳೆದು, ವರ್ಷ ಹೇಗೋ ಸರಿದೂಗುತ್ತದೆ.

ಮೊನ್ನೆ ಬಂದಿದ್ದ ಒಬ್ಬ ವಕೀಲರು ಆ ಬೋರ್ಡನ್ನು ಬಹಳ ಎಚ್ಚರಿಕೆಯಿಂದ ಓದಿದರು. ಬೆಳಗ್ಗೆ ಕಾಫಿಗೆ ಬಂದವರೇ, "ಹತ್ತರಿಂದ ಆರರವರೆಗೆ ಸದ್ದು ಮಾಡಕೂಡದೆಂದು ಬರೆಸಿದ್ದೀರಿ. ನಾಲ್ಕು ಗಂಟೆಗೆ ಲೈನು ಮನೆಯ ಕಡೆಯಿಂದ ಒಂದು ಹುಂಜ ಹನ್ನೊಂದು ಸಲ ಕೂಗಿತು. ನಿಯಮ ಅದಕ್ಕೆ ಅನ್ವಯಿಸುವುದಿಲ್ಲವೇ?" ಎಂದು ಕೇಳಿದರು. ಹುಂಜ ಆ ಹುಡುಗಿಯ ತಾಯಿಯದು. ಅತ್ತೆಯವರು ಅವರ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದು, "ಹೇಳಿ ನೋಡುತ್ತೇವೆ" ಎಂದರು. ವಿಚಾರಣೆ ಇನ್ನೂ ಮುಗಿದಿಲ್ಲ. ವಕೀಲರು ದಸರಾ ರಜೆಗೆ ಮತ್ತೆ ಎರಡು ಕೋಣೆ ಹೇಳಿಹೋಗಿದ್ದಾರೆ.