ಸೊನ್ನೆ ಬೈಟಿನ ರಾತ್ರಿ

“ತಮ್ಮಾ, ಕಾಟಾ ಕೈಕೊಟ್ತು! ಗೇಟಿನಿಂದ ರಸ್ತೆ ತನಕ ಲಾರಿ ನಿಂತಾವೆ. ಎಲ್ಲಿದ್ದೀಯಪ್ಪಾ?”

ಸಿರುಗುಪ್ಪದ ಅಕ್ಕಿ ಗಿರಣಿಯ ಸಾಹುಕಾರರ ಫೋನು. ನಾನಿದ್ದದ್ದು ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಹೊರಗೆ ಗುಡುಗು ಶುರುವಾಗಿತ್ತು. ಭತ್ತದ ಸುಗ್ಗಿ ಬೇರೆ. ತೂಕವಾಗದೆ ಲಾರಿ ಖಾಲಿಯಾಗುವುದಿಲ್ಲ. ತಾಡಪಾಲು ಎಷ್ಟು ಬಿಗಿದರೂ ಅಂಚಿನ ಚೀಲ ನೆನೆಯುತ್ತದೆ. ನೆನೆದ ಭತ್ತಕ್ಕೆ ದರ ಬಿದ್ದೇ ಬೀಳುತ್ತದೆ.

ಫೋನು ಆಪರೇಟರ್ ಹುಡುಗನ ಕೈಗೆ ಹೋಯಿತು. “ಅಣ್ಣಾ, ಕರೆಂಟು ಹೋಗಿ ಬಂತು. ಯುಪಿಎಸ್ ನಿಲ್ಲಲಿಲ್ಲ. ಸೆಟ್ಟಿಂಗ್ ಫೈಲ್ ಐತೆ, ಆದ್ರೆ ಸೈಜ್ ಸೊನ್ನೆ ತೋರಿಸ್ತೈತೆ.”

ಎದೆ ಧಸಕ್ಕೆಂದಿತು. ವೇಬ್ರಿಡ್ಜ್ ಇಂಡಿಕೇಟರ್ ಯಾವ ಪೋರ್ಟಿನಲ್ಲಿ, ಯಾವ ವೇಗದಲ್ಲಿ ಮಾತಾಡುತ್ತದೆ, ಅದು ಕಳಿಸುವ ಸಾಲಿನಲ್ಲಿ ಎಷ್ಟನೆಯ ಅಂಕಿಯಿಂದ ತೂಕ ಓದಬೇಕು ಎಂಬುದೆಲ್ಲ ಇದ್ದದ್ದು ಆ ಒಂದೇ ಫೈಲಿನಲ್ಲಿ. ವೇಗ ತಪ್ಪಿದರೆ ಪರದೆಯ ಮೇಲೆ ಬರುವುದು ಬರೀ ಕಸದ ಅಕ್ಷರ.

ಬ್ಯಾಕಪ್ ಇತ್ತಲ್ಲ! ನಾನೇ ಬರೆದ ಸಣ್ಣ ಸ್ಕ್ರಿಪ್ಟು ದಿನಾ ರಾತ್ರಿ ಹತ್ತಕ್ಕೆ ಸೆಟ್ಟಿಂಗುಗಳನ್ನು ಆರ್‌ಸಿಂಕ್ ಮೂಲಕ ಪೆನ್‌ಡ್ರೈವಿಗೂ ನನ್ನ ಲ್ಯಾಪ್‌ಟಾಪಿಗೂ ನಕಲು ಮಾಡುತ್ತಿತ್ತು. ಲ್ಯಾಪ್‌ಟಾಪ್ ತೆರೆದೆ. ಸೊನ್ನೆ ಬೈಟು. ಪೆನ್‌ಡ್ರೈವ್ ನೋಡು ಎಂದೆ. ಅಲ್ಲೂ ಸೊನ್ನೆ. ಕರೆಂಟು ಹೋದದ್ದು ಹತ್ತಕ್ಕೆ ಮುಂಚೆ. ಸರಿಯಾಗಿ ಹತ್ತಕ್ಕೆ ಎದ್ದ ಸ್ಕ್ರಿಪ್ಟು ಖಾಲಿ ಫೈಲನ್ನೇ ಒಳ್ಳೆಯದರ ಮೇಲೆ ಹೇರಿಬಿಟ್ಟಿತ್ತು!

ಉಳಿದದ್ದು ಒಂದೇ ದಾರಿ, ಕುರುಗೋಡಿನ ಸೋದರಮಾವನ ಮನೆಯ ಹಳೇ ಕಂಪ್ಯೂಟರ್. ಮೊದಲು ಅಲ್ಲಿಗೂ ನಕಲು ಹೋಗುತ್ತಿತ್ತು, ನೆಟ್ ರೀಚಾರ್ಜ್ ಮುಗಿದು ನಿಂತಿತ್ತು. ಆ ಸೋಮಾರಿ ಯಂತ್ರದ ಹೊಟ್ಟೆಯಲ್ಲಿ ಒಳ್ಳೆಯ ಫೈಲು ಬದುಕಿರಬಹುದು!

ಬೈಕ್ ಒದ್ದೆ. ಊರು ದಾಟುತ್ತಲೇ ಮಳೆ ಮುಖಕ್ಕೆ ರಾಚಿತು. ಕಪ್ಪು ಮಣ್ಣು ಕೊಚ್ಚಿ ಬಂದು ಡಾಂಬರಿನ ಮೇಲೆ ಚಕ್ರ ಜಾರುತ್ತಿತ್ತು. ಎದುರು ಲಾರಿಯ ಬೆಳಕಿಗೆ ಕಣ್ಣು ಕತ್ತಲೆ. ಕೊನೆಗೂ ಮಿಂಚಿನಲ್ಲಿ ಕುರುಗೋಡಿನ ಗುಡ್ಡ ಕಂಡಿತು. ದೊಡ್ಡಬಸವೇಶ್ವರನಿಗೆ ಗಾಡಿಯ ಮೇಲಿಂದಲೇ ಕೈಮುಗಿದೆ.

“ಈ ಮಳಿಯಾಗ ಬಂದೀಯಲ್ಲೋ!” ಎಂದು ಮಾವ ಬಾಗಿಲು ತೆರೆದ. ಇನ್ವರ್ಟರಿಗೆ ಸಿಕ್ಕಿಸಿ ಯಂತ್ರ ಎಬ್ಬಿಸಿದೆವು. ಒಂದೊಂದು ಸೆಕೆಂಡೂ ಒಂದು ಯುಗ. ಫೈಲು ಸಿಕ್ಕಿತು, ಒಳಗೆ ಅಕ್ಷರಗಳಿದ್ದವು! ವಾಟ್ಸಾಪಿನಲ್ಲಿ ಕಳಿಸೋಣವೆಂದರೆ ಟವರ್ ಸತ್ತಿತ್ತು. ಪೆನ್‌ಡ್ರೈವಿಗೆ ಹಾಲಿನ ಕವರ್ ಸುತ್ತಿ ಮತ್ತೆ ಓಟ. ಗದ್ದೆಗಳ ನಡುವೆ ರಸ್ತೆ ಎಲ್ಲಿ, ನೀರು ಎಲ್ಲಿ, ಒಂದೂ ತಿಳಿಯುವಂತಿರಲಿಲ್ಲ.

ಸಿರುಗುಪ್ಪ ಮುಟ್ಟಿ, ಫೈಲು ಹಾಕಿ, ಎಂಟರ್ ಒತ್ತಿದೆ. ಪರದೆಯ ಮೇಲೆ ತೂಕ ಮೂಡಿತು. ಹಮಾಲರು ಕೇಕೆ ಹಾಕಿದರು. ಮೊದಲ ಲಾರಿ ಕದಲಿತು.

ಆ ರಾತ್ರಿ ಗೆಲ್ಲಿಸಿದ್ದು ಬರೀ ಅದೃಷ್ಟ. ಇಂಥದೇ ಅದೃಷ್ಟ 2013ರ ಮಾರ್ಚಿನಲ್ಲಿ ಕೆಡಿಇ ಎಂಬ ಮುಕ್ತ ತಂತ್ರಾಂಶ ಯೋಜನೆಯನ್ನೂ ಉಳಿಸಿತ್ತು. ಮುಖ್ಯ ಸರ್ವರಿನ ಕಡತ ವ್ಯವಸ್ಥೆ ಕೆಟ್ಟಿತು. ಮೂಲವೇ ಸತ್ಯವೆಂದು ನಂಬಿದ ಕನ್ನಡಿ ಸರ್ವರುಗಳು ಆ ಕೇಡನ್ನೂ ನಕಲು ಮಾಡಿಕೊಂಡವು. ಸುಮಾರು 1500 ಗಿಟ್ ಭಂಡಾರಗಳು ಮಾಯವಾಗುವುದರಲ್ಲಿದ್ದವು. ಒಂದು ಸರ್ವರಿನಲ್ಲಿ ಒಳ್ಳೆಯ ಪ್ರತಿ ಉಳಿದಿದ್ದರಿಂದ ಬಚಾವಾದರು. ನಮ್ಮ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನಲ್ಲಿರುವ ಅಶೋಕನ ಆಜ್ಞೆ ಮಸ್ಕಿಯ ಬಂಡೆಯ ಮೇಲೂ ಇದೆ. ಒಂದು ಬಂಡೆ ಸೀಳಿದರೆ ಇನ್ನೊಂದರ ಅಕ್ಷರ ಅಳಿಯುವುದಿಲ್ಲ. ನಕಲು ಇರಬೇಕಾದದ್ದು ಹಾಗೆ.

ಅದಕ್ಕೇ ಸ್ಕ್ರಿಪ್ಟಿಗೆ, ಫೈಲಿನ ಹಳೆಯ ರೂಪಗಳನ್ನೂ ಉಳಿಸಿಡುವ ಗಿಟ್ ಜೋಡಿಸಿದೆ. ಲಿನಕ್ಸ್ ತಂಡಕ್ಕೆ ಬಿಟ್‌ಕೀಪರ್ ಎಂಬ ಇಂಥದೇ ಸಾಧನದ ಉಚಿತ ಬಳಕೆ ತಪ್ಪಿದಾಗ, 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ ಕಟ್ಟಿ ನಿಲ್ಲಿಸಿದ ಸಾಧನ ಅದು. ಈಗ ನಕಲಾದ ಮೇಲೆ ಗಿಟ್ ಆಡ್, ಬದಲಾವಣೆ ಇದ್ದರೆ ಮಾತ್ರ ತಾರೀಖು ಹಾಕಿ ಕಮಿಟ್, ಆಮೇಲೆ ಕುರುಗೋಡಿಗೆ ಪುಶ್. ಸೊನ್ನೆ ಬೈಟಿನ ಫೈಲು ಕಂಡರೆ ಸ್ಕ್ರಿಪ್ಟು ನಿಂತು ಕೂಗುತ್ತದೆ. ಹಳೆಯ ಇತಿಹಾಸ ಅಳಿಸುವ ಪುಶ್ ಬಂದರೆ ಕುರುಗೋಡಿನ ಯಂತ್ರ ಒಪ್ಪುವುದಿಲ್ಲ. ಪಾಸ್‌ವರ್ಡು, ಖಾಸಗಿ ಕೀಲಿಗಳ ಫೈಲುಗಳನ್ನು ಗಿಟ್ ಮುಟ್ಟದಂತೆ ಗಿಟ್‌ಇಗ್ನೋರ್ ಪಟ್ಟಿಗೆ ಸೇರಿಸಿದ್ದೇನೆ. ಏಕೆಂದರೆ ಒಮ್ಮೆ ಕಮಿಟ್ ಆದ ಗುಟ್ಟು ಇತಿಹಾಸದಲ್ಲಿ ಕೂತೇ ಇರುತ್ತದೆ. ಫೈಲಿನ ಒಡೆಯ ಯಾರು, ಪೂರ್ತಿ ಅನುಮತಿಗಳೇನು ಎಂಬುದನ್ನು ಗಿಟ್ ಇಟ್ಟುಕೊಳ್ಳುವುದಿಲ್ಲ. ಅದನ್ನು ಬೇರೆ ಪಟ್ಟಿಯಲ್ಲಿ ಬರೆದಿಡುತ್ತೇನೆ. ಲಿನಕ್ಸ್ ಸೆಟ್ಟಿಂಗುಗಳನ್ನು ಹೀಗೆ ಗಿಟ್‌ನಲ್ಲಿಡಲು ಜೋಯಿ ಹೆಸ್ ಬರೆದ ಎಟ್ಸಿಕೀಪರ್ ಎಂಬ ಸಿದ್ಧ ಸಾಧನವೂ ಇದೆ.

ಮುಂದಿನ ಮಳೆಗಾಲ ಮತ್ತೆ ಕರೆಂಟು ಹೋಯಿತು, ಮತ್ತೆ ಫೈಲು ಕೆಟ್ಟಿತು. ಈ ಸಲ ಬೈಕ್ ತೆಗೆಯಲಿಲ್ಲ. ಗಿಟ್ ಲಾಗ್ ನೋಡಿ, ಹಿಂದಿನ ದಿನದ ಫೈಲನ್ನು ಕರೆದು ಕೂರಿಸಲು ಹುಡುಗನಿಗೆ ಫೋನಿನಲ್ಲೇ ಹೇಳಿಕೊಟ್ಟೆ. ಲಾರಿಗಳು ನಿಲ್ಲಲೇ ಇಲ್ಲ.

ನಿಮ್ಮ ಬ್ಯಾಕಪ್ಪನ್ನು ಇವತ್ತೇ ತೆರೆದು, ಹೋದ ವಾರದ ಒಂದು ಫೈಲನ್ನು ವಾಪಸ್ ತೆಗೆದು ನೋಡಿ. ಬಾರದಿದ್ದರೆ ನಿಮ್ಮ ಹತ್ತಿರ ಇರುವುದು ನಕಲು ಮಾತ್ರ, ಬ್ಯಾಕಪ್ ಅಲ್ಲ.